ಮಗು ಹೇಳಿದ್ದನ್ನು ಮನೆ ಹೇಗೆ ಕೇಳಿಸಿಕೊಳ್ಳುತ್ತದೆ?

ಮೂರು ವರ್ಷದ ಮಗುವನ್ನು 'ನೀನು ಮಾಣಿಯೋ ಕೂಸೋ?' ಎಂದು ಕೇಳಿ ನೋಡಿ. ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆಯ ಹವ್ಯಕ ಮನೆಗಳಲ್ಲಿ ಅಜ್ಜಿಯಂದಿರು ಸುಮ್ನೆ ತಮಾಷೆಗೆ ಕೇಳುವ ಪ್ರಶ್ನೆ ಇದು. ಆ ಮನೆಮಾತಿನಲ್ಲಿ ಮಾಣಿ ಎಂದರೆ ಹುಡುಗ, ಕೂಸು ಎಂದರೆ ಹುಡುಗಿ. ಮಗು ಯೋಚಿಸುವುದೇ ಇಲ್ಲ, ಥಟ್ಟನೆ ಉತ್ತರ ಕೊಡುತ್ತದೆ. ಬೇಕೆಂದೇ ತಪ್ಪಾಗಿ ಕರೆದರೆ ಸಿಟ್ಟು ಮಾಡಿಕೊಳ್ಳುತ್ತದೆ. ಎರಡರಿಂದ ಮೂರು ವರ್ಷದೊಳಗೆ ಹೆಚ್ಚಿನ ಮಕ್ಕಳು ತಾವು ಹುಡುಗನೋ ಹುಡುಗಿಯೋ ಎಂದು ಹೇಳಿಕೊಳ್ಳಲು ಕಲಿಯುತ್ತಾರೆ. ಉಡುಪು ಬದಲಾದರೂ, ಕೂದಲು ಉದ್ದ ಬಿಟ್ಟರೂ ಇದು ಬದಲಾಗುವುದಿಲ್ಲ ಎನ್ನುವ ತಿಳಿವು ಐದರಿಂದ ಏಳು ವರ್ಷದ ಹೊತ್ತಿಗೆ ಗಟ್ಟಿಯಾಗುತ್ತದೆ.

ಉತ್ತರ ನಾವು ಅಂದುಕೊಂಡದ್ದೇ ಆಗಿದ್ದರೆ 'ನಿನಗೆ ಹೇಗೆ ಗೊತ್ತು?' ಎಂದು ಯಾರೂ ಕೇಳುವುದಿಲ್ಲ. ಬೇರೆಯಾಗಿದ್ದರೆ ಮಾತ್ರ 'ಇಷ್ಟು ಸಣ್ಣ ಮಗುವಿಗೆ ಏನು ಗೊತ್ತಾಗುತ್ತದೆ' ಎನ್ನುತ್ತೇವೆ. ಟ್ರಾನ್ಸ್‌ಜೆಂಡರ್ ಮಕ್ಕಳ ಕಷ್ಟ ಶುರುವಾಗುವುದು ಇಲ್ಲಿಂದಲೇ. ಹುಟ್ಟಿದಾಗ ದೇಹ ನೋಡಿ ನಾವು ಒಂದು ಹೇಳಿರುತ್ತೇವೆ, ಮಗುವಿಗೆ ಒಳಗಿನಿಂದ ಇನ್ನೊಂದು ಅನಿಸುತ್ತಿರುತ್ತದೆ.

ಇಲ್ಲಿ ಒಂದು ಗೊಂದಲ ತೀರಿಸಿಕೊಳ್ಳಬೇಕು. ಅಮ್ಮನ ಸೀರೆ ಸುತ್ತಿಕೊಳ್ಳುವ ಹುಡುಗ, ಅಡಿಕೆ ತೋಟದಲ್ಲಿ ಮರ ಹತ್ತುವ ಹುಡುಗಿ, ಇವರೆಲ್ಲರೂ ಟ್ರಾನ್ಸ್‌ಜೆಂಡರ್ ಎಂದೇನಿಲ್ಲ. ಹೆಚ್ಚಿನವರು ಆಟ ಆಡುತ್ತಿರುತ್ತಾರೆ, ಅಷ್ಟೇ. ಕಾಸರಗೋಡಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನ ಕವಿ, ಕುಂಬಳೆಯ ಪಾರ್ತಿಸುಬ್ಬನ ಊರು ಇದು. ರಾತ್ರಿಯಿಡೀ ಸ್ತ್ರೀವೇಷ ಮಾಡಿದ ಕಲಾವಿದರು ಬೆಳಗ್ಗೆ ಬಣ್ಣ ತೆಗೆದು ಬೀಡಿ ಹಚ್ಚಿ ಬಸ್ಸು ಹತ್ತುವುದನ್ನು ನೋಡಿಕೊಂಡೇ ನಾವು ಬೆಳೆದಿದ್ದೇವೆ. ವೇಷವೇ ಬೇರೆ, ತಾನು ಯಾರು ಎನ್ನುವುದೇ ಬೇರೆ. ಆದರೆ ಕೆಲವು ಮಕ್ಕಳು 'ನನಗೆ ಫ್ರಾಕ್ ಬೇಕು' ಎಂದು ಹೇಳಿ ಸುಮ್ಮನಾಗುವುದಿಲ್ಲ. 'ನಾನು ಹುಡುಗಿಯೇ' ಎನ್ನುತ್ತಾರೆ. ವರ್ಷಗಟ್ಟಲೆ ಅದನ್ನೇ ಹೇಳುತ್ತಾರೆ. ತಮ್ಮ ದೇಹ ನೋಡಿ ಸಂಕಟಪಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರಿಂದ ಜಾರಿಗೆ ಬಂದ ರೋಗಗಳ ವರ್ಗೀಕರಣ ಪಟ್ಟಿಯೂ ಈ ವ್ಯತ್ಯಾಸ ಮಾಡುತ್ತದೆ. ಚಿಕ್ಕ ಮಕ್ಕಳಲ್ಲಿ ಈ ಅನುಭವ ಸುಮಾರು ಎರಡು ವರ್ಷ ನಿಂತಿರಬೇಕು, ಆಟಿಕೆ ಉಡುಪುಗಳ ಇಷ್ಟವನ್ನಷ್ಟೇ ನೋಡಿ ತೀರ್ಮಾನ ಮಾಡಬಾರದು ಎನ್ನುತ್ತದೆ. ಅದೇ ಪಟ್ಟಿಯಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಆಯಿತು. ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತೆಗೆದರು. ಇದು ಹುಚ್ಚಲ್ಲ, ಕಾಯಿಲೆಯಲ್ಲ ಎಂದು ಹೇಳಲು ಈಗ ಯಾವ ಡಾಕ್ಟರೂ ಹಿಂಜರಿಯಬೇಕಾಗಿಲ್ಲ.

ಹುಟ್ಟುವಾಗಲೇ ಜನನಾಂಗ ಗಂಡೋ ಹೆಣ್ಣೋ ಎಂದು ಸ್ಪಷ್ಟವಾಗಿ ಕಾಣದ ಮಕ್ಕಳ ವಿಷಯ ಬೇರೆ. ಎರಡನ್ನೂ ಒಂದೇ ಎಂದುಕೊಳ್ಳುವವರು ಜಾಸ್ತಿ. ಅಂಥ ಶಿಶುಗಳಿಗೆ ಜೀವಕ್ಕೆ ಅಪಾಯವಿಲ್ಲದಿದ್ದರೂ ಅವಸರದಲ್ಲಿ ಆಪರೇಷನ್ ಮಾಡುವುದನ್ನು ತಮಿಳುನಾಡು 2019ರಲ್ಲಿ ನಿಷೇಧಿಸಿತು. ಮಗುವಿಗೆ ಆಪರೇಷನ್ ಮಾಡಿಸಲು ಅನುಮತಿ ಕೇಳಿ ಬಂದ ತಂದೆತಾಯಿಗೆ ಕೇರಳ ಹೈಕೋರ್ಟ್ 2023ರಲ್ಲಿ ಅನುಮತಿ ಕೊಡಲಿಲ್ಲ. ಟ್ರಾನ್ಸ್‌ಜೆಂಡರ್ ಮಕ್ಕಳಲ್ಲಿ ಹೆಚ್ಚಿನವರ ದೇಹದಲ್ಲಿ ಹೊರಗೆ ಕಾಣುವಂಥ ವ್ಯತ್ಯಾಸ ಏನೂ ಇರುವುದಿಲ್ಲ.

ಹಾಗಾದರೆ ಇದು ಯಾಕೆ ಆಗುತ್ತದೆ? ಅಪ್ಪ ಅಮ್ಮ ಮೊದಲು ಕೇಳುವುದೇ ಇದನ್ನು. ಕೇಳುವಾಗ ಗಂಟಲು ಕಟ್ಟಿರುತ್ತದೆ. 'ಹೆಣ್ಣುಮಗು ಬೇಕು ಎಂದು ಹರಕೆ ಹೊತ್ತಿದ್ದೆ, ಅದಕ್ಕೇನಾದರೂ...' ಎಂದು ಅರ್ಧಕ್ಕೆ ನಿಲ್ಲಿಸುವ ತಾಯಿಗೆ ಸ್ಪಷ್ಟವಾಗಿ ಹೇಳಬೇಕು: ಇಲ್ಲಮ್ಮ, ಹರಕೆಯಿಂದ ಆಗುವುದಲ್ಲ ಇದು. ಅಕ್ಕಂದಿರ ನಡುವೆ ಬೆಳೆದದ್ದರಿಂದಲೂ ಅಲ್ಲ, ಮೊಬೈಲ್ ನೋಡಿದ್ದರಿಂದಲೂ ಅಲ್ಲ. ಗರ್ಭದಲ್ಲಿ ಮೊದಲ ಆರು ವಾರ ಎಲ್ಲ ಭ್ರೂಣಗಳೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತವೆ. ಆಮೇಲೆ ವೈ ಕ್ರೋಮೋಸೋಮಿನ ಎಸ್‌ಆರ್‌ವೈ ಎಂಬ ಜೀನ್ ಇದ್ದರೆ ವೃಷಣ ರೂಪುಗೊಳ್ಳುತ್ತದೆ. ಈ ಜೀನನ್ನು ಕಂಡುಹಿಡಿದದ್ದು 1990ರಲ್ಲಿ. ಜನನಾಂಗ ರೂಪುಗೊಳ್ಳುವುದು ಗರ್ಭದ ಮೊದಲ ತಿಂಗಳುಗಳಲ್ಲಿ. ಮಿದುಳಿನ ಬೆಳವಣಿಗೆ ಅದಾದ ಮೇಲೂ ಬಹಳ ಕಾಲ ನಡೆಯುತ್ತದೆ. ಜೀನ್‌ಗಳದ್ದೂ ಗರ್ಭದ ಹಾರ್ಮೋನುಗಳದ್ದೂ ಒಂದಿಷ್ಟು ಪಾಲಿರಬಹುದು ಎನ್ನುವ ಸುಳಿವುಗಳಿವೆ. ಆದರೆ ಇಂಥದ್ದೇ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ. ಪತ್ತೆಹಚ್ಚುವ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ.

ಬೆಳೆಸುವುದರಿಂದ ಇದನ್ನು ಬದಲಿಸಬಹುದು ಎಂದು ಒಂದು ಕಾಲದಲ್ಲಿ ದೊಡ್ಡ ದೊಡ್ಡವರೇ ನಂಬಿದ್ದರು. ಕೆನಡಾದಲ್ಲಿ 1965ರಲ್ಲಿ ಹುಟ್ಟಿದ ಡೇವಿಡ್ ರೀಮರ್ ಎಂಬ ಗಂಡುಮಗುವಿಗೆ ಸುನ್ನತಿಯ ವೇಳೆ ಅವಘಡವಾಗಿ ಶಿಶ್ನ ಹಾಳಾಯಿತು. ಜಾನ್ ಮನಿ ಎಂಬ ಮನಶ್ಶಾಸ್ತ್ರಜ್ಞರ ಸಲಹೆಯಂತೆ ಆಪರೇಷನ್ ಮಾಡಿಸಿ, ಹೆಣ್ಣಿನ ಹೆಸರಿಟ್ಟು, ಹುಡುಗಿ ಎಂದೇ ಬೆಳೆಸಿದರು. ಸತ್ಯ ಯಾರೂ ಹೇಳಲಿಲ್ಲ. ಆದರೂ ಮಗು ಅದಕ್ಕೆ ಒಗ್ಗಲೇ ಇಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ತಂದೆ ನಿಜ ಹೇಳಿದ ಮೇಲೆ ಡೇವಿಡ್ ಗಂಡಾಗಿ ಬದುಕತೊಡಗಿದರು. 2004ರಲ್ಲಿ ತಮ್ಮ ಜೀವ ತಾವೇ ಕಳೆದುಕೊಂಡರು. ಒಬ್ಬರ ಬದುಕಿನಿಂದ ಎಲ್ಲವನ್ನೂ ತೀರ್ಮಾನಿಸಲಾಗದು, ನಿಜ. ಆದರೆ ತಾನು ಯಾರು ಎನ್ನುವುದನ್ನು ಹೊರಗಿನಿಂದ ಹೇರುವ ಮುಂಚೆ ಈ ಕಥೆಯನ್ನು ಒಮ್ಮೆ ನೆನೆಯಬೇಕು.

ಕಾರಣ ಹುಡುಕುವುದರಲ್ಲೇ ವರ್ಷಗಳು ಕಳೆದುಹೋಗುತ್ತವೆ. ಮಗುವನ್ನು ಕಾಯುವುದು ಯಾವುದು ಎನ್ನುವುದರ ಬಗ್ಗೆ ವಿಜ್ಞಾನದ ಬಳಿ ಇದಕ್ಕಿಂತ ಒಳ್ಳೆಯ ಉತ್ತರ ಇದೆ. ಅಮೆರಿಕದ ಮೂರು ನಗರಗಳ 129 ಟ್ರಾನ್ಸ್‌ಜೆಂಡರ್ ಯುವಜನರನ್ನು ಮಾತಾಡಿಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮನೆ, ಶಾಲೆ, ಕೆಲಸದ ಜಾಗ, ಗೆಳೆಯರ ಗುಂಪು, ಇವುಗಳಲ್ಲಿ ಎಷ್ಟು ಕಡೆ ನೀವು ಆರಿಸಿಕೊಂಡ ಹೆಸರಿನಿಂದ ಕರೆಯುತ್ತಾರೆ ಎಂದು ಕೇಳಿದರು. ಅಂಥ ಜಾಗ ಒಂದು ಹೆಚ್ಚಾದಂತೆ ಆತ್ಮಹತ್ಯೆಯ ಯೋಚನೆ ಶೇಕಡಾ 29ರಷ್ಟು, ಪ್ರಯತ್ನದಂಥ ನಡವಳಿಕೆ ಶೇಕಡಾ 56ರಷ್ಟು ಕಡಿಮೆ ಕಂಡುಬಂತು. ಹೆಸರು ಒಪ್ಪುವ ಮನೆ ಬೇರೆ ವಿಷಯಗಳಲ್ಲೂ ಪ್ರೀತಿಯಿಂದ ಇರುತ್ತದಲ್ವಾ, ಹಾಗಾಗಿ ಎಲ್ಲವೂ ಹೆಸರಿನಿಂದಲೇ ಆಯಿತು ಎನ್ನುವ ಹಾಗಿಲ್ಲ. ಇರಲಿ. ಕಾಸು ಖರ್ಚಿಲ್ಲದ ಕೆಲಸ ಇದು. ಇದಕ್ಕೂ ಮುಂಚೆ 2016ರಲ್ಲಿ, ಮನೆಯವರ ಬೆಂಬಲದೊಂದಿಗೆ ತಮಗೆ ಅನಿಸಿದ ಹಾಗೆ ಬದುಕುತ್ತಿದ್ದ 3ರಿಂದ 12 ವರ್ಷದ 73 ಮಕ್ಕಳನ್ನು ಕ್ರಿಸ್ಟಿನಾ ಓಲ್ಸನ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದರು. ಆ ಮಕ್ಕಳಲ್ಲಿ ಖಿನ್ನತೆ ಉಳಿದ ಮಕ್ಕಳಷ್ಟೇ ಇತ್ತು. ಆತಂಕ ಮಾತ್ರ ತುಸು ಹೆಚ್ಚು.

ನಮ್ಮ ಊರಲ್ಲಿ ಹೆಸರಷ್ಟೇ ಬದಲಾಯಿಸಿದರೆ ಸಾಲದು. ಶಾಲೆಯ ಅಂಗಳದಲ್ಲಿ ಮಲಯಾಳದಲ್ಲಿ 'ವನ್ನು' ಎಂದರೆ ಬಂದದ್ದು ಗಂಡೋ ಹೆಣ್ಣೋ ಆ ಕ್ರಿಯಾಪದದಿಂದ ಗೊತ್ತಾಗುವುದಿಲ್ಲ. ಮನೆಗೆ ಬಂದರೆ ಕನ್ನಡದಲ್ಲಿ 'ಬಂದ', 'ಬಂದಳು'. ತುಳುವಿನಲ್ಲಿ 'ಬತ್ತೆ', 'ಬತ್ತಳ್'. ಹಾಗಾಗಿ ಮನೆಮಾತಿನಲ್ಲಿ ಮಗುವಿನ ಬಗ್ಗೆ ಆಡುವ ಒಂದೊಂದು ವಾಕ್ಯವೂ ಮಗುವಿಗೆ ತಾಗುತ್ತದೆ. ಬಾಯಿಗೆ ರೂಢಿಯಾಗಲು ತಿಂಗಳುಗಳೇ ಬೇಕು. ಅಜ್ಜನಿಗೆ ಇನ್ನೂ ಜಾಸ್ತಿ. ತಪ್ಪಿದಾಗ ತಿದ್ದಿಕೊಂಡು ಮುಂದೆ ಮಾತಾಡಿದರೆ ಆಯಿತು, ಮಕ್ಕಳು ಅದನ್ನು ಕ್ಷಮಿಸುತ್ತಾರೆ. ಬೇಕೆಂದೇ ತಪ್ಪುವುದನ್ನು ಕ್ಷಮಿಸುವುದಿಲ್ಲ.

ಶಾಲೆಯಲ್ಲಿ ಮಗುವಿಗೆ ಕಷ್ಟ ಆಗುತ್ತಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ನೀರಿನ ಬಾಟಲಿ ನೋಡಿ. ಬೆಳಗ್ಗೆ ತುಂಬಿಸಿ ಕೊಟ್ಟ ಬಾಟಲಿ ಸಂಜೆ ಹಾಗೇ ವಾಪಸ್ ಬರುತ್ತದೆ. ಮಗು ಚೀಲವನ್ನು ಜಗಲಿಯಲ್ಲೇ ಎಸೆದು ನೇರ ಬಚ್ಚಲಿಗೆ ಓಡುತ್ತದೆ. ಹುಡುಗರ ಶೌಚಾಲಯಕ್ಕೆ ಹೋದರೆ ಕೀಟಲೆ, ಹುಡುಗಿಯರದ್ದಕ್ಕೆ ಹೋದರೆ ಬೈಗುಳ. ಅದಕ್ಕೇ ದಿನವಿಡೀ ನೀರೇ ಕುಡಿದಿರುವುದಿಲ್ಲ. ಆಗಾಗ ಉರಿಮೂತ್ರ ಎಂದು ಡಾಕ್ಟರ ಹತ್ತಿರ ಹೋಗುತ್ತಾರೆ, ಮಾತ್ರೆ ತಗೊಂಡು ಬರುತ್ತಾರೆ, ಮೂಲ ಕಾರಣ ಯಾರೂ ಕೇಳುವುದಿಲ್ಲ. ಟೀಚರುಗಳ ಶೌಚಾಲಯವನ್ನು ಆ ಮಗುವಿಗೆ ಬಳಸಲು ಬಿಟ್ಟರೆ ಮುಕ್ಕಾಲು ಪಾಲು ತೊಂದರೆ ತೀರುತ್ತದೆ. ಹೆಡ್‌ಮಾಸ್ಟರ್ ಒಬ್ಬರು ಮನಸ್ಸು ಮಾಡಿದರೆ ಸಾಕು, ಇದಕ್ಕೆ ಸರಕಾರದ ಆದೇಶ ಬೇಕಾಗಿಲ್ಲ.

ಯೂನಿಫಾರ್ಮ್ ಕೂಡ ಹಾಗೇ. ಎರ್ನಾಕುಳಂ ಜಿಲ್ಲೆಯ ವಳಯನ್‌ಚಿರಂಙರ ಎಲ್‌ಪಿ ಶಾಲೆಯಲ್ಲಿ ಕೆಲವು ವರ್ಷಗಳ ಹಿಂದೆಯೇ ಎಲ್ಲ ಮಕ್ಕಳಿಗೂ ಮೊಣಕಾಲಿನವರೆಗಿನ ಒಂದೇ ಥರದ ಚಡ್ಡಿ, ಅಂಗಿ ಮಾಡಿದರು. ಮಕ್ಕಳು ಆರಾಮಾಗಿ ಓಡಾಡಲಿ ಎನ್ನುವುದಷ್ಟೇ ಅಲ್ಲಿಯ ಉದ್ದೇಶ. ಆದರೆ ಅಂಥ ಶಾಲೆಯಲ್ಲಿ ಟ್ರಾನ್ಸ್‌ಜೆಂಡರ್ ಮಗುವಿಗೆ ಬೆಳಗ್ಗೆ ಎದ್ದು ಉಡುಪು ಹಾಕಿಕೊಳ್ಳುವುದೇ ಒಂದು ಶಿಕ್ಷೆ ಆಗುವುದಿಲ್ಲ. ಇವು ಸಣ್ಣ ವಿಷಯಗಳಲ್ಲ. 2015ರಲ್ಲಿ ದೇಶದಲ್ಲೇ ಮೊದಲು ಟ್ರಾನ್ಸ್‌ಜೆಂಡರ್ ನೀತಿ ತಂದ ಕೇರಳದಲ್ಲಿ, ಅದಕ್ಕೆ ಮುಂಚೆ ಟ್ರಾನ್ಸ್‌ಜೆಂಡರ್ ಜನರ ನಡುವೆ ನಡೆದ ಸರ್ವೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹತ್ತನೇ ತರಗತಿ ಮುಗಿಸದೆಯೇ ಶಾಲೆ ಬಿಟ್ಟಿದ್ದರು.

ಮದ್ದಿನ ವಿಷಯ. ಹರೆಯ ಶುರುವಾಗುವ ಮೊದಲು ಈ ಮಕ್ಕಳಿಗೆ ಯಾವ ಮಾತ್ರೆಯೂ ಇಲ್ಲ, ಇಂಜೆಕ್ಷನ್ನೂ ಇಲ್ಲ, ಆಪರೇಷನ್ನೂ ಇಲ್ಲ. 'ಒಪ್ಪಿಕೊಂಡರೆ ನಾಳೆಯೇ ಆಸ್ಪತ್ರೆಯಲ್ಲಿ ಕೊಯ್ದುಬಿಡುತ್ತಾರೆ' ಎಂಬ ಹೆದರಿಕೆಗೆ ಆಧಾರವಿಲ್ಲ. ಹೆಸರು, ಉಡುಪು, ಕೂದಲು, ಇಷ್ಟೇ. ಇವೆಲ್ಲ ಹಿಂದಕ್ಕೆ ತೆಗೆದುಕೊಳ್ಳಬಹುದಾದವು. ಹುಡುಗಿಯರ ದೇಹದಲ್ಲಿ ಹರೆಯ 8ರಿಂದ 13 ವರ್ಷದೊಳಗೆ, ಹುಡುಗರ ದೇಹದಲ್ಲಿ 9ರಿಂದ 14 ವರ್ಷದೊಳಗೆ ಶುರುವಾಗುತ್ತದೆ. ಹಲವು ಮಕ್ಕಳಿಗೆ ನಿಜವಾದ ಸಂಕಟ ಆಗಲೇ. ಹರೆಯವನ್ನು ತಾತ್ಕಾಲಿಕವಾಗಿ ತಡೆಯುವ ಹಾರ್ಮೋನ್ ಮದ್ದುಗಳಿವೆ. ತೀರಾ ಬೇಗ ಮೈನೆರೆಯುವ ಮಕ್ಕಳಿಗೆ ಅವನ್ನು ದಶಕಗಳಿಂದ ಕೊಡುತ್ತಿದ್ದಾರೆ. ಟ್ರಾನ್ಸ್‌ಜೆಂಡರ್ ಮಕ್ಕಳಿಗೆ ಕೊಡಬಹುದೋ ಎನ್ನುವುದರಲ್ಲಿ ಮಾತ್ರ ಡಾಕ್ಟರುಗಳಲ್ಲೇ ಒಮ್ಮತವಿಲ್ಲ. ಇಂಥ ಮಕ್ಕಳ ಚಿಕಿತ್ಸೆಯನ್ನು ಪರಿಶೀಲಿಸಿದ ಇಂಗ್ಲೆಂಡಿನ ಕ್ಯಾಸ್ ವರದಿ 2024ರಲ್ಲಿ ಇದಕ್ಕೆ ಪುರಾವೆ ದುರ್ಬಲ ಎಂದಿತು. ಅಮೆರಿಕದ ಹಲವು ವೈದ್ಯ ಸಂಘಗಳು ಸರಿಯಾದ ತಪಾಸಣೆಯೊಂದಿಗೆ ಕೊಡಬಹುದು ಎನ್ನುತ್ತಾ ಬಂದಿವೆ. ಮಕ್ಕಳ ಹಾರ್ಮೋನ್ ತಜ್ಞರು, ಮನೋವೈದ್ಯರು, ಮನೆಯವರು, ಮಗು ಎಲ್ಲರೂ ಕೂತು, ಸಮಯ ತೆಗೆದುಕೊಂಡು ಮಾಡಬೇಕಾದ ನಿರ್ಧಾರ ಇದು. ಅಂಗಡಿಯಿಂದ ಹಾರ್ಮೋನ್ ಮಾತ್ರೆ ತಂದು ಗುಟ್ಟಾಗಿ ನುಂಗುವ ಹದಿಹರೆಯದವರಿದ್ದಾರೆ. ಮನೆಯಲ್ಲಿ ಬಾಯಿಬಿಡಲು ಆಗದವರೇ ಆ ದಾರಿ ಹಿಡಿಯುವುದು ಜಾಸ್ತಿ.

ಮುಂದೆ ಮನಸ್ಸು ಬದಲಾದರೆ? ಈ ಪ್ರಶ್ನೆ ನ್ಯಾಯವಾದದ್ದೇ. ಓಲ್ಸನ್ ತಂಡವೇ 317 ಮಕ್ಕಳನ್ನು ಸರಾಸರಿ ಐದು ವರ್ಷ ಹಿಂಬಾಲಿಸಿ ನೋಡಿತು. 2022ರಲ್ಲಿ ಬಂದ ಆ ವರದಿಯ ಪ್ರಕಾರ ಶೇಕಡಾ 94 ಮಕ್ಕಳು ಮೊದಲು ಹೇಳಿದ್ದನ್ನೇ ಹೇಳುತ್ತಿದ್ದರು. ಹಳೆಯ ಕೆಲವು ಅಧ್ಯಯನಗಳಲ್ಲಿ ಮಾತು ಬದಲಾಯಿಸಿದವರೇ ಹೆಚ್ಚು. ಆದರೆ ಅವುಗಳಲ್ಲಿ ಬರೀ ಆಟ, ಉಡುಪು ಬೇರೆಯಾಗಿದ್ದ ಮಕ್ಕಳೂ ಸೇರಿದ್ದರು. ನಿಮ್ಮ ಮುಂದೆ ಕೂತಿರುವ ಒಂದು ಮಗುವಿನ ಮಟ್ಟಿಗೆ ಯಾರೂ ಭವಿಷ್ಯ ಹೇಳಲಾರರು. ಬದಲಾದರೆ ಬದಲಾಗಲಿ, ಬದಲಾಗದಿದ್ದರೂ ಆಗಲಿ, ಎರಡನ್ನೂ ಅಪ್ಪ ಅಮ್ಮನ ಹತ್ತಿರ ಬಂದು ಹೇಳುವ ಧೈರ್ಯ ಮಗುವಿಗೆ ಉಳಿದಿರಬೇಕು.

ಆ ಧೈರ್ಯ ಕೆಡಿಸುವುದು 'ಸರಿಮಾಡಿಸುವ' ಓಡಾಟ. ಮೊದಲು ಜೋಯಿಸರ ಹತ್ತಿರ ಪ್ರಶ್ನೆ ಇಡಿಸುತ್ತಾರೆ, ನೂಲು ಕಟ್ಟಿಸುತ್ತಾರೆ. ಆಮೇಲೆ ಯಾರೋ ಹೇಳಿದರೆಂದು ಮಂಗಳೂರಿಗೋ ಕಣ್ಣೂರಿಗೋ ಕರೆದುಕೊಂಡು ಹೋಗುತ್ತಾರೆ. ಮಗುವಿನ ಒಳಿತಿಗೇ ಓಡಾಡುತ್ತಾರೆ, ಅವರ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಲಿಂಗತ್ವವನ್ನು ಬದಲಿಸುತ್ತೇವೆ ಎನ್ನುವ ಚಿಕಿತ್ಸೆ ಯಾವುದೂ ಫಲ ಕೊಟ್ಟಿಲ್ಲ, ಹಾನಿ ಮಾಡಿದೆ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ 2021ರಲ್ಲಿ ಇಂಥ ಪ್ರಯತ್ನಗಳನ್ನು ನಿಷೇಧಿಸಲು ನಿರ್ದೇಶಿಸಿದರು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿತು. 'ಮೂರು ತಿಂಗಳಲ್ಲಿ ಸರಿಮಾಡುತ್ತೇನೆ' ಎನ್ನುವ ಡಾಕ್ಟರು ಸಿಕ್ಕರೆ ಎದ್ದು ಬನ್ನಿ.

ಅಪ್ಪ ಅಮ್ಮನ ದುಃಖಕ್ಕೂ ಜಾಗ ಬೇಕು. ಇಟ್ಟ ಹೆಸರು, ಕಂಡ ಕನಸು ಬಿಡುವುದು ಸುಲಭವಲ್ಲ. ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಾಗ 'ಯಾಕೆ, ಮಾಣಿ ಕೂದಲು ಬಿಟ್ಟಿದ್ದಾನಾ?' ಎಂದು ಕೇಳುವವರಿಗೆ ಒಂದೇ ಸಾಲಿನ ಉತ್ತರ ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು: 'ಅದಕ್ಕೆ ಹಾಗೆ ಇಷ್ಟ, ನಮಗೂ ಸರಿ.' ಎಲ್ಲರಿಗೂ ಎಲ್ಲವನ್ನೂ ಹೇಳಬೇಕೆಂದಿಲ್ಲ. ಯಾರಿಗೆ ಹೇಳಬೇಕು ಎನ್ನುವುದನ್ನು ಮಗುವನ್ನೇ ಕೇಳಿ ಮಾಡಿ. ಅತ್ತುಕೊಳ್ಳುವುದಿದ್ದರೆ ಮಗುವಿನ ಎದುರು ಬೇಡ. ಒಬ್ಬ ಅಕ್ಕನೋ ಭಾವನೋ ಗೆಳತಿಯೋ ಇರಲಿ.

ಕಾನೂನು ಮಗುವನ್ನು ಮನೆಯವರ ಹತ್ತಿರವೇ ಇಡಲು ನೋಡುತ್ತದೆ. ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ, ಕೋರ್ಟಿನ ಆದೇಶವಿಲ್ಲದೆ, ಯಾವ ಮಗುವನ್ನೂ ತಂದೆತಾಯಿಯಿಂದ ಬೇರ್ಪಡಿಸಬಾರದು ಎಂದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆ ಬರೆದಿದೆ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಬಿದ್ದ ಹೆಸರು, ಲಿಂಗ ಮುಂದೆ ಪ್ರತಿಯೊಂದು ದಾಖಲೆಗೂ ಹೋಗುತ್ತದೆ. ಆಮೇಲೆ ತಿದ್ದಿಸಲು ಅಲೆದಾಟ ಜಾಸ್ತಿ. ಹಾಗಾಗಿ ಒಂಬತ್ತನೇ ತರಗತಿಯಲ್ಲಿರುವಾಗಲೇ ಹೆಡ್‌ಮಾಸ್ಟರರ ಜೊತೆ ಈ ಮಾತು ಆಡಿಕೊಳ್ಳಿ. ಸರಕಾರದ ಮಾಹಿತಿ ಇಲ್ಲಿ ಹೆಚ್ಚಾಗಿ ಮಲಯಾಳದಲ್ಲೇ ಬರುವುದರಿಂದ ಕನ್ನಡ ಮನೆಗಳಿಗೆ ಅರ್ಧ ವಿಷಯ ಮುಟ್ಟುವುದೇ ಇಲ್ಲ. ಶಾಲೆಗಳ ಕನ್ನಡ ಟೀಚರುಗಳು, ಆಶಾ ಕಾರ್ಯಕರ್ತೆಯರು ಈ ಕೊರತೆ ತುಂಬಬಹುದು. ಮಗು ಊಟ ಬಿಟ್ಟಿದ್ದರೆ, ಮೈಗೆ ಗಾಯ ಮಾಡಿಕೊಳ್ಳುತ್ತಿದ್ದರೆ, ಸಾಯುವ ಮಾತಾಡಿದರೆ ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳೇ ನೇರವಾಗಿ ಕರೆ ಮಾಡಲು ಮಕ್ಕಳ ಸಹಾಯವಾಣಿ 1098 ಇದೆ. ಆ ಎರಡು ನಂಬರುಗಳನ್ನು ಮಗುವಿಗೂ ಬರೆದುಕೊಡಿ.