ಲಂಡನ್ನಿನಲ್ಲಿ ಓದುತ್ತಾ ಬಡ ಮಕ್ಕಳಿಗೆ ಪಾಠ ಹೇಳಿಕೊಡಬಹುದಾ?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಮಾಸ್ಟರ್ಸ್‌ಗೆ ಲಂಡನ್ನಿಗೆ ಹೊರಟಿದ್ದೇನೆ. ಊರಲ್ಲಿ ಭಾನುವಾರಗಳಂದು ಕೊಳೆಗೇರಿಯ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದೆ. ಅಲ್ಲೂ ಮುಂದುವರಿಸಬೇಕೆಂಬ ಆಸೆ. ಅಂಥ ಅಗತ್ಯ ಅಲ್ಲಿ ಇದೆಯಾ? ವೀಸಾಗೆ ತೊಂದರೆ ಆಗುತ್ತಾ?

ಉತ್ತರ: ಧಾರಾಳವಾಗಿ ಮಾಡಬಹುದು. ಅಗತ್ಯ ಖಂಡಿತ ಇದೆ. ವೀಸಾ ವಿಷಯದಲ್ಲಿ ಮಾತ್ರ ಒಂದು ಸೂಕ್ಷ್ಮ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಲಂಡನ್ ಅಂದ ತಕ್ಷಣ ಬಡತನ ಯಾರ ನೆನಪಿಗೂ ಬರುವುದಿಲ್ಲ. ಆದರೆ ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ನೋಡಿ. ಕ್ಯಾನರಿ ವಾರ್ಫ್‌ನ ಬ್ಯಾಂಕ್ ಕಟ್ಟಡಗಳೆಲ್ಲ ಇರುವುದು ಅಲ್ಲೇ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಇಕ್ಕಟ್ಟಾದ ಫ್ಲ್ಯಾಟುಗಳಲ್ಲಿ ದೊಡ್ಡ ದೊಡ್ಡ ಕುಟುಂಬಗಳಿವೆ. ಮನೆ ಬಾಡಿಗೆ ಕಳೆದು ನೋಡಿದರೆ, 2023-24ರಲ್ಲಿ ಇಡೀ ಬ್ರಿಟನ್ನಿನಲ್ಲಿ ಸುಮಾರು 45 ಲಕ್ಷ ಮಕ್ಕಳು ಬಡತನದಲ್ಲಿದ್ದರು ಎಂದು ಅಲ್ಲಿನ ಸರ್ಕಾರದ್ದೇ ಲೆಕ್ಕ. ಹತ್ತು ಮಕ್ಕಳಲ್ಲಿ ಮೂವರು!

ಈ ಬಡತನ ನಮ್ಮ ಕಣ್ಣಿಗೆ ಬೇಗ ಕಾಣುವುದಿಲ್ಲ. ಮಗು ಯೂನಿಫಾರ್ಮ್ ಹಾಕಿರುತ್ತದೆ, ಕಾಲಲ್ಲಿ ಶೂ ಇರುತ್ತದೆ. ಆದರೆ ಮನೆಯಲ್ಲಿ ಕೂತು ಹೋಂವರ್ಕ್ ಮಾಡಲು ಒಂದು ಮೂಲೆಯೂ ಇರುವುದಿಲ್ಲ. ಅಮ್ಮನಿಗೆ ಇಂಗ್ಲಿಷ್ ಓದಲು ಬಾರದೇ ಇರಬಹುದು. ಶಾಲೆಗೆ ರಜೆ ಬಂತೆಂದರೆ ಮಧ್ಯಾಹ್ನದ ಊಟಕ್ಕೂ ರಜೆ. 2020ರಲ್ಲಿ ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಶ್‌ಫೋರ್ಡ್ ದನಿ ಎತ್ತಿದ್ದು ಇದಕ್ಕೇ. ಬೇಸಿಗೆ ರಜೆಯಲ್ಲೂ ಈ ಮಕ್ಕಳಿಗೆ ಊಟದ ವೋಚರ್ ಕೊಡಲು ಸರ್ಕಾರ ಒಪ್ಪಬೇಕಾಯಿತು.

ಈಗ ವೀಸಾ ವಿಷಯ. ಡಿಗ್ರಿ ಮಟ್ಟದ ಸ್ಟೂಡೆಂಟ್ ವೀಸಾದಲ್ಲಿ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಸಂಬಳ ಇಲ್ಲದ ಕೆಲಸವೂ ಕೆಲವೊಮ್ಮೆ ಈ 20 ಗಂಟೆಯೊಳಗೇ ಬರುತ್ತದೆ. ಗೊಂದಲ ಆಗುವುದು ಇಲ್ಲೇ. ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ಇಷ್ಟು ಗಂಟೆ ಬರಲೇಬೇಕು ಎಂದು ಕಟ್ಟುಹಾಕಿ, ಸಂಬಳದ ನೌಕರರು ಮಾಡಬೇಕಾದ ಕೆಲಸವನ್ನು ನಿಮ್ಮಿಂದ ಮಾಡಿಸಿದರೆ ಅದು ಲೆಕ್ಕಕ್ಕೆ ಸೇರುತ್ತದೆ. ಚಾರಿಟಿಯೊಂದಕ್ಕೆ ನಿಮ್ಮ ಇಷ್ಟದಿಂದ ನೆರವಾಗಿ, ಬಸ್ ಚಾರ್ಜು, ಊಟದ ಖರ್ಚು ಮಾತ್ರ ಪಡೆದರೆ ಸೇರುವುದಿಲ್ಲ. ನಮ್ಮ ಹುಡುಗರಲ್ಲಿ ಅನೇಕರು ಅಂಗಡಿ, ಗೋದಾಮುಗಳಲ್ಲಿ ಪೂರ್ತಿ 20 ಗಂಟೆ ದುಡಿಯುತ್ತಾರೆ. ಅಂಥವರು ಒಪ್ಪಿಕೊಳ್ಳುವ ಮೊದಲು ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿಗೆ ಒಂದು ಇಮೇಲ್ ಹಾಕಿ, ಉತ್ತರವನ್ನು ಇಟ್ಟುಕೊಳ್ಳಿ. ಇನ್ನೊಂದು ವಿಷಯ: ಮಾಸ್ಟರ್ಸ್‌ನವರಿಗೆ ಡಿಸರ್ಟೇಶನ್ ಬರೆಯುವ ಬೇಸಿಗೆ ತಿಂಗಳುಗಳು ರಜೆ ಅಲ್ಲ. ಆಗಲೂ 20 ಗಂಟೆಯ ಮಿತಿಯೇ.

ಮಕ್ಕಳ ಜೊತೆ ಕೆಲಸ ಅಂದಮೇಲೆ ಡಿಬಿಎಸ್ ತಪಾಸಣೆ ಇದ್ದೇ ಇರುತ್ತದೆ. ನಿಮ್ಮ ಮೇಲೆ ಹಳೆಯ ಪೊಲೀಸ್ ದಾಖಲೆ ಏನಾದರೂ ಇದೆಯಾ ಎಂದು ನೋಡುವುದು. ಅರ್ಜಿ ಹಾಕಿಸುವುದು ಸಂಸ್ಥೆಯ ಕೆಲಸ, ಸ್ವಯಂಸೇವಕರಿಗೆ ಡಿಬಿಎಸ್ ಶುಲ್ಕವೂ ಇಲ್ಲ. ಕೆಲವರಿಗೆ ಇದು ಅವಮಾನ ಅನ್ನಿಸುತ್ತದೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. 2002ರಲ್ಲಿ ಸೋಹಮ್ ಎಂಬ ಊರಿನಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಯಿತು. ಕೊಂದವನು ಅದೇ ಊರಿನ ಶಾಲೆಯೊಂದರ ಕೇರ್‌ಟೇಕರ್. ಅವನ ಮೇಲೆ ಬೇರೆ ಪ್ರದೇಶದ ಪೊಲೀಸರ ಬಳಿ ಹಿಂದೆಯೇ ದೂರುಗಳಿದ್ದವು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಅವು ಹೊರಗೆ ಬರಲೇ ಇಲ್ಲ. ನಿಯಮಗಳು ಬಿಗಿಯಾಗಿದ್ದು ಆಮೇಲೆ. ಬ್ರಿಟನ್ನಿನಲ್ಲಿ ನಿಮಗೆ ಹಳೆಯ ದಾಖಲೆಯೇ ಇಲ್ಲವಲ್ಲ, ಹಾಗಾಗಿ ಕೆಲವು ಸಂಸ್ಥೆಗಳು ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಕೇಳುತ್ತವೆ. ಊರು ಬಿಡುವ ಮೊದಲೇ ಪಾಸ್‌ಪೋರ್ಟ್ ಸೇವಾ ಮೂಲಕ ಮಾಡಿಸಿಕೊಂಡರೆ ಓಡಾಟ ತಪ್ಪುತ್ತದೆ.

ಅಲ್ಲಿಗೆ ಹೋದಮೇಲೆ ನಮ್ಮ ಕೆಲವು ಅಭ್ಯಾಸ ಬಿಡಬೇಕಾಗುತ್ತದೆ. ಕೆನ್ನೆ ಹಿಂಡುವುದು, ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಸುಮ್ನೆ ಒಂದು ಫೋಟೊ ತೆಗೆಯುವುದು, ಯಾವುದೂ ಬೇಡ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಗುವಿನ ಜೊತೆ ಒಬ್ಬರೇ ಇರಬೇಡಿ. ಮಗು 'ಯಾರಿಗೂ ಹೇಳಬೇಡಿ' ಎಂದು ಮನೆಯ ಸಂಕಟ ಹೇಳಿಕೊಂಡರೆ, ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಕೆದಕಿ ಕೆದಕಿ ಕೇಳಬೇಡಿ. ಅದು ಆಡಿದ ಮಾತನ್ನು ಹಾಗೆಯೇ ಬರೆದು, ಅವತ್ತೇ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಸಿಬ್ಬಂದಿಗೆ ತಿಳಿಸಿ.

ಪಾಠದ ರೀತಿಯೂ ಬೇರೆ. ನಾವು 'ಸಿ ಎ ಟಿ ಕ್ಯಾಟ್' ಎಂದು ಉರು ಹೊಡೆದವರು ಅಲ್ವಾ? ಅಲ್ಲಿ ಮೊದಲು ಕಲಿಸುವುದು ಅಕ್ಷರದ ಸದ್ದು. 'ಕ್, ಆ್ಯ, ಟ್' ಎಂದು ಒಂದೊಂದೇ ಸದ್ದು ಜೋಡಿಸಿಕೊಂಡು ಮಗು ಓದುತ್ತದೆ. 'ಶಿಪ್' ಬಂದಾಗ ಎಸ್ ಮತ್ತು ಎಚ್ ಸೇರಿ ಒಂದೇ ಸದ್ದು ಎಂದು ಬೆರಳಿಟ್ಟು ತೋರಿಸುತ್ತದೆ. ಇಂಗ್ಲೆಂಡಿನಲ್ಲಿ ಆರು ವರ್ಷದ ಆಸುಪಾಸಿನಲ್ಲಿ ಇದಕ್ಕೊಂದು ಪರೀಕ್ಷೆ ಇದೆ, 2012ರಿಂದ. 40 ಪದ ಓದಬೇಕು. ಅದರಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ! ಮಗು ಊಹೆ ಮಾಡದೆ ಸದ್ದು ಹಿಡಿದು ಓದುತ್ತದೆಯಾ ಎಂದು ನೋಡಲು ಹಾಗೆ ಇಟ್ಟಿದ್ದಾರೆ. ನೀವು ನಡುವೆ ಹೋಗಿ ಅಕ್ಷರದ ಹೆಸರು ಹೇಳಿ ಸ್ಪೆಲ್ಲಿಂಗ್ ಒಪ್ಪಿಸಿದರೆ ಮಗುವಿಗೆ ಗಲಿಬಿಲಿ. ಮೊದಲ ವಾರ ಟೀಚರ್ ಪಕ್ಕ ಕೂತು ಕೇಳಿಸಿಕೊಳ್ಳಿ.

ನನ್ನ ಖಚಿತ ಅಭಿಪ್ರಾಯ ಹೇಳುತ್ತೇನೆ. ದೊಡ್ಡ ಯೋಜನೆ ಹಾಕಿಕೊಳ್ಳಬೇಡಿ. ವಾರಕ್ಕೆ ಒಂದೇ ಸಂಜೆ, ಎರಡು ಗಂಟೆ, ಆದರೆ ತಪ್ಪದೆ ಹೋಗಿ. ಅಕ್ಟೋಬರ್‌ನಲ್ಲಿ ಉತ್ಸಾಹದಿಂದ ಬಂದು, ಡಿಸೆಂಬರ್‌ನಲ್ಲಿ ಅಸೈನ್‌ಮೆಂಟ್ ಜಾಸ್ತಿ ಆಯಿತೆಂದು ಮಾಯವಾಗುವವರು ಬಹಳ. ಈ ಮಕ್ಕಳಲ್ಲಿ ಎಷ್ಟೋ ಜನ ಮನೆ ಬದಲಿಸಿ, ಶಾಲೆ ಬದಲಿಸಿ ಬಂದವರು. ಮಂಗಳವಾರ ಬರುತ್ತೇನೆ ಎಂದವರು ಮಂಗಳವಾರ ಬರುವುದೇ ಅವರಿಗೆ ದೊಡ್ಡದು. ಪರೀಕ್ಷೆ ಇದ್ದರೆ ಹಿಂದಿನ ವಾರವೇ ಹೇಳಿ. ಜೂನ್‌ಗೆ ಮುಗಿಸುವುದಿದ್ದರೆ ಅದನ್ನೂ ಸೇರುವಾಗಲೇ ತಿಳಿಸಿ.

ಜಾಗ ಹುಡುಕಲು ಏಜೆಂಟರಿಗೆ ದುಡ್ಡು ಕೊಡಬೇಕಿಲ್ಲ. ಸ್ಟೂಡೆಂಟ್ಸ್ ಯೂನಿಯನ್‌ನಲ್ಲಿ ಸ್ವಯಂಸೇವಕರ ವಿಭಾಗ ಇರುತ್ತದೆ, ಬಡಾವಣೆಯ ಲೈಬ್ರರಿಯಲ್ಲೂ ಹೋಂವರ್ಕ್ ಕ್ಲಬ್ ವಿಚಾರಿಸಬಹುದು. ತಪಾಸಣೆ ಮುಗಿಯಲು ವಾರಗಳೇ ಹಿಡಿಯುತ್ತವೆ. ಹಾಗಾಗಿ ಇಳಿದ ಮೊದಲ ವಾರವೇ ಹೆಸರು ಕೊಟ್ಟುಬಿಡಿ.