ಕೈಗೆ ಒಗ್ಗಿದ ಪಿಸ್ತೂಲು, ಪೇಟೆಂಟ್ ಕಟ್ಟಿಹಾಕಿದ ರಿವಾಲ್ವರ್

9 ಎಂಎಂ ಅಡ್ಡಳತೆಯ ಗುಂಡು ಒಳ್ಳೆಯದೋ, ಪಾಯಿಂಟ್ 45 ಇಂಚಿನದು ಒಳ್ಳೆಯದೋ? ಪಿಸ್ತೂಲು ಹಿಡಿಯುವವರ ನಡುವೆ ಈ ಜಗಳ ಮುಗಿಯುವಂಥದ್ದಲ್ಲ. ಲೆಕ್ಕ ಮಾತ್ರ ಸುಲಭ. 9 ಎಂಎಂ ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್. 45ರ ಗುಂಡು ಸುಮಾರು 15 ಗ್ರಾಂ, ವೇಗ 250 ಮೀಟರ್ ಆಸುಪಾಸು. ಎರಡರ ಶಕ್ತಿಯೂ 500 ಜೂಲ್‌ಗೆ ಸ್ವಲ್ಪ ಕಡಿಮೆ, ಅಂದರೆ ಹೆಚ್ಚುಕಮ್ಮಿ ಒಂದೇ. ಆದರೆ ಕೈಗೆ ತಾಗುವ ಒದೆತಕ್ಕೆ ಬೇರೆ ಲೆಕ್ಕವಿದೆ. ಅಲ್ಲಿ ತೂಕವನ್ನು ವೇಗದಿಂದ ಒಂದೇ ಸಲ ಗುಣಿಸಬೇಕು. ಶಾಲೆಯಲ್ಲಿ ಸಂವೇಗ ಅಂತ ಓದಿದ್ದೆವಲ್ಲ, ಅದೇ. ಹಾಗೆ ಗುಣಿಸಿದರೆ 45ರದ್ದು ಮೂರನೇ ಒಂದು ಭಾಗದಷ್ಟು ಜಾಸ್ತಿ. ದಿನವಿಡೀ ಗುರಿ ಅಭ್ಯಾಸ ಮಾಡುವುದಾದರೆ ನನ್ನ ಓಟು 9 ಎಂಎಂಗೆ. ಮಣಿಕಟ್ಟು ನನ್ನದು ತಾನೇ.

ಈ ಒದೆತವನ್ನೇ ಕೆಲಸಕ್ಕೆ ಹಚ್ಚಿದವರಲ್ಲಿ ಒಬ್ಬರು ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್. ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಜಾರುವ ಭಾಗವೇ ಸ್ಲೈಡ್. ಚಿಕ್ಕ ತೋಟಾ ಹಾರಿಸುವ ಪಿಸ್ತೂಲಿನಲ್ಲಿ ಒತ್ತಡ ಇಳಿಯುವವರೆಗೆ ನಳಿಗೆಯ ಹಿಂಬಾಗಿಲು ಮುಚ್ಚಿಡಲು ಸ್ಲೈಡಿನ ಭಾರ ಮತ್ತು ಸ್ಪ್ರಿಂಗು ಇದ್ದರೆ ಸಾಕು. ತೋಟಾ ಜೋರಾದಷ್ಟೂ ಸ್ಲೈಡಿನ ಭಾರವನ್ನೂ ಏರಿಸುತ್ತಾ ಹೋಗಬೇಕು. ಸೊಂಟದಲ್ಲಿ ಇಟ್ಟುಕೊಳ್ಳುವ ವಸ್ತುವಿಗೆ ಅದು ಆಗದ ಮಾತು. ಅದಕ್ಕೇ ಬ್ರೌನಿಂಗ್ ನಳಿಗೆಯನ್ನೂ ಸ್ಲೈಡನ್ನೂ ಹಲ್ಲುಗಳಿಂದ ಒಂದಕ್ಕೊಂದು ಕಚ್ಚಿಸಿದರು. ಗುಂಡು ಸಿಡಿದಾಗ ಎರಡೂ ಜೊತೆಯಾಗಿ ಹಿಂದೆ ಸರಿಯುತ್ತವೆ. ಆಮೇಲೆ ನಳಿಗೆಯ ಬುಡ ಕೆಳಗಿಳಿಯುತ್ತದೆ, ಹಲ್ಲು ಬಿಟ್ಟುಕೊಳ್ಳುತ್ತದೆ, ಸ್ಲೈಡ್ ಒಂದೇ ಹಿಂದಕ್ಕೆ ಓಡಿ ತೋಟಾದ ಖಾಲಿ ಕವಚವನ್ನು ಎಸೆಯುತ್ತದೆ. 8 ಗ್ರಾಮಿನ ಗುಂಡು 10 ಸೆಂಟಿಮೀಟರ್ ನಳಿಗೆ ದಾಟುವಷ್ಟರಲ್ಲಿ ಅರ್ಧ ಕಿಲೋ ತೂಗುವ ಈ ಜೋಡಿ ಸರಿದಿರುವುದು ಒಂದೂವರೆ ಮಿಲಿಮೀಟರ್ ಅಷ್ಟೇ. ಒಳಗಿನ ಒತ್ತಡ ಇಳಿಯುವ ಮೊದಲು ಬಾಗಿಲು ತೆರೆಯುವುದೇ ಇಲ್ಲ.

1911ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಪಿಸ್ತೂಲು ಕೆಲಸ ಮಾಡುವುದು ಹೀಗೆಯೇ. ನಳಿಗೆಯನ್ನು ಕೆಳಕ್ಕೆಳೆಯಲು ಅದರಲ್ಲಿ ಒಂದು ಪುಟ್ಟ ಲಿಂಕ್ ಇದೆ. ಬ್ರೌನಿಂಗ್ 1926ರಲ್ಲಿ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಬೆಲ್ಜಿಯಂನ ದ್ಯೂದೊನೆ ಸೈವ್ ಮುಗಿಸಿದರು. ಹೈ-ಪವರ್ ಅನ್ನುವ 1935ರ ಆ ಪಿಸ್ತೂಲಿನಲ್ಲಿ ಲಿಂಕ್ ಇಲ್ಲ. ನಳಿಗೆಯ ಕೆಳಗೇ ಕೊರೆದ ಇಳಿಜಾರು ಆ ಕೆಲಸ ಮಾಡುತ್ತದೆ. ಇವತ್ತಿನ ಬಹುಪಾಲು ಪಿಸ್ತೂಲುಗಳು ಅದರ ಸಂತಾನವೇ.

ಕೊಳ್ಳಲು ಬಂದವರು ಪಿಸ್ತೂಲನ್ನು ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸುವುದನ್ನು ನೋಡಿದ್ದೇನೆ. ಲೊಡಲೊಡ ಅಂದರೆ ಬೇಡವಂತೆ! ಆ ಸದ್ದು ಬರುವುದು ಸಾಮಾನ್ಯವಾಗಿ ಸ್ಲೈಡು ಮತ್ತು ಅದರ ಕೆಳಗಿನ, ಹಿಡಿಯಿರುವ ಫ್ರೇಮಿನ ನಡುವಿನ ಸಡಿಲದಿಂದ. ಗುರಿಯ ಕಣ್ಣುಗಳಿರುವುದು ಸ್ಲೈಡಿನ ಮೇಲೆ. ಹಾಗಾಗಿ ಪ್ರತಿ ಗುಂಡಿನ ನಂತರವೂ ನಳಿಗೆ ಸ್ಲೈಡಿನೊಳಗೆ ಅದೇ ಜಾಗಕ್ಕೆ ಬಂದು ಕೂರುತ್ತದಾ ಅನ್ನುವುದೇ ಮುಖ್ಯ. ನೋಡಲೇಬೇಕು ಅಂದರೆ ಖಾಲಿ ಮಾಡಿದ ಪಿಸ್ತೂಲಿನ ಸ್ಲೈಡ್ ಮುಚ್ಚಿ, ನಳಿಗೆಯ ಹಿಂಬದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಅಲ್ಲಿ ಅಲುಗಿದರೆ ಯೋಚಿಸಬೇಕು.

ನನಗೆ ಅಚ್ಚುಮೆಚ್ಚಿನದು ಜೆಕ್ ದೇಶದ ಸಿಝಡ್ 75. ಅದರ ಸ್ಲೈಡು ಫ್ರೇಮಿನ ಒಳಗೆ ಜಾರುತ್ತದೆ. ಎಳೆಯಲು ಬೆರಳಿಗೆ ಜಾಗ ಕಡಿಮೆ, ಕೈ ಬೆವರಿದ್ದರೆ ಸಿಟ್ಟೇ ಬರುತ್ತದೆ. ಹಿಡಿಯ ಬಾಗು ಮಾತ್ರ ಅಂಗೈಗೆ ಹೇಳಿ ಮಾಡಿಸಿದಂತಿದೆ. ಇದನ್ನು ರೂಪಿಸಿದ್ದು ಫ್ರಾಂಟಿಶೆಕ್ ಕೌತ್ಸ್ಕಿ. ಆಗಿನ ಕಮ್ಯುನಿಸ್ಟ್ ಸರ್ಕಾರ ಪೇಟೆಂಟನ್ನು ಗುಟ್ಟಾಗಿಟ್ಟಿತು. ಗುಟ್ಟಾಗಿಟ್ಟಿದ್ದನ್ನು ಹೊರದೇಶದಲ್ಲಿ ನೋಂದಾಯಿಸುವುದಾದರೂ ಹೇಗೆ? ಇಟಲಿಯವರು, ಆಮೇಲೆ ಬೇರೆಯವರು ಆರಾಮಾಗಿ ನಕಲು ತೆಗೆದರು.

ಇದಕ್ಕೆ ತದ್ವಿರುದ್ಧ ರೋಲಿನ್ ವೈಟ್ ಕಥೆ. ರಿವಾಲ್ವರಿನ ಸಿಲಿಂಡರನ್ನು ಈ ಕಡೆಯಿಂದ ಆ ಕಡೆಗೆ ಪೂರ್ತಿ ಕೊರೆದರೆ ಹಿಂದಿನಿಂದಲೇ ತೋಟಾ ತುಂಬಬಹುದು. 1855ರಲ್ಲಿ ಅದಕ್ಕೆ ಪೇಟೆಂಟ್ ಪಡೆದವರು ವೈಟ್. ಸ್ಮಿತ್ ಆಂಡ್ ವೆಸನ್ ಕಂಪನಿ ಒಂದೊಂದು ರಿವಾಲ್ವರಿಗೆ 25 ಸೆಂಟ್ ಕೊಡಲು ಒಪ್ಪಿತು. ಷರತ್ತು ಒಂದೇ: ನಕಲು ಮಾಡಿದವರ ಮೇಲೆ ಕೇಸು ಹಾಕುವ ಖರ್ಚು ವೈಟ್ ಅವರದ್ದೇ. ನಾನಾದರೆ ಸಹಿ ಹಾಕುತ್ತಿರಲಿಲ್ಲ. ನಕಲುಗಾರರಿಗೆ ಬರವಿರಲಿಲ್ಲ, ವೈಟ್ ಗಳಿಸಿದ್ದರಲ್ಲಿ ದೊಡ್ಡ ಪಾಲು ಕೋರ್ಟು ಕಚೇರಿಗೇ ಹೋಯಿತು. ಪೇಟೆಂಟ್ ಅವಧಿ 1869ರಲ್ಲಿ ಮುಗಿಯಿತು. ವಿಸ್ತರಣೆಗೆ ದಾರಿ ಮಾಡುವ ಮಸೂದೆಗೆ ಅಮೆರಿಕದ ಕಾಂಗ್ರೆಸ್ ಒಪ್ಪಿದರೂ ಅಧ್ಯಕ್ಷ ಗ್ರಾಂಟ್ 1870ರಲ್ಲಿ ತಡೆದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಈ ಪೇಟೆಂಟಿನಿಂದ ಸರ್ಕಾರಕ್ಕೇ ತೊಂದರೆಯಾಯಿತು ಅಂತ ಸೇನೆಯ ಶಸ್ತ್ರ ವಿಭಾಗ ದೂರಿತ್ತು. ಅಲ್ಲಿಯವರೆಗೆ ಕಾದಿದ್ದ ಕೋಲ್ಟ್ ಕಂಪನಿ 1873ರಲ್ಲಿ ಸಿಲಿಂಡರ್ ಪೂರ್ತಿ ಕೊರೆದ ತನ್ನ ರಿವಾಲ್ವರನ್ನು ಸೇನೆಗೆ ಮಾರಿತು. ಕೌಬಾಯ್ ಸಿನಿಮಾಗಳಲ್ಲಿ ಎಲ್ಲರ ಸೊಂಟದಲ್ಲೂ ಕಾಣುವುದು ಅದೇ.