ಅಪ್ಪನ ಖಾತೆಗೆ ಅಪ್ಪನದೇ ನಂಬರ್ ಇರಲಿ

ನವೆಂಬರ್ ಬಂತೆಂದರೆ ಹಿರಿಯರಿಗೆ ನಾನು ನಡೆಸುವ ಕಂಪ್ಯೂಟರ್ ತರಗತಿಯಲ್ಲಿ ಬೇರೆ ಪಾಠ ನಡೆಯುವುದಿಲ್ಲ. ಪಿಂಚಣಿದಾರರೆಲ್ಲ ಜೀವನ ಪ್ರಮಾಣಪತ್ರದ, ಅಂದರೆ ಪಿಂಚಣಿ ನಿಲ್ಲದಿರಲು ತಾವು ಬದುಕಿದ್ದೇವೆಂದು ತೋರಿಸುವ ಪತ್ರದ, ಹಿಂದೆ ಬಿದ್ದಿರುತ್ತಾರೆ. 2014ರಿಂದ ಅದನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು. ಬೆರಳಚ್ಚು ಸವೆದವರಿಗೆಂದು ಮುಖ ತೋರಿಸಿ ದೃಢೀಕರಿಸುವ ದಾರಿಯೂ 2021ರಲ್ಲಿ ಬಂತು. ಕೈ ನಡುಗುವವರೂ ನಿಧಾನಕ್ಕೆ ಮಾಡಿ ಮುಗಿಸುತ್ತಾರೆ. ಆದರೆ ಎಷ್ಟೋ ಜನ ಓಟಿಪಿಯ ಹತ್ತಿರ ನಿಂತುಬಿಡುತ್ತಾರೆ. ಅದು ಹೋಗಿರುವುದು ಮಗನ ಫೋನಿಗೆ.

‘ಅಪ್ಪಂಗೆ ಯಾಕೆ ತಲೆನೋವು ಅಂತ ನನ್ನ ನಂಬರೇ ಕೊಟ್ಟಿದ್ದೀನಿ ಸಾರ್’ ಎನ್ನುತ್ತಾರೆ ಮಕ್ಕಳು. ಪ್ರೀತಿಯಿಂದಲೇ ಮಾಡಿರುತ್ತಾರೆ, ಅದು ನನಗೆ ಗೊತ್ತು. ಆದರೂ ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ.

ನಿವೃತ್ತ ಗಣಿತ ಮೇಷ್ಟ್ರೊಬ್ಬರು ಬರುತ್ತಿದ್ದರು. ಮಗ ಕ್ಯಾಲಿಫೋರ್ನಿಯಾದಲ್ಲಿ. ನಮ್ಮ ಮಧ್ಯಾಹ್ನ ಮೂರು ಗಂಟೆಗೆ, ನವೆಂಬರ್ ತಿಂಗಳಲ್ಲಿ, ಅಲ್ಲಿ ರಾತ್ರಿ ಒಂದೂವರೆ. ‘ಪಾಪ ಮಲಗಿರ್ತಾನೆ, ನಾಳೆ ಮಾಡೋಣ’ ಎಂದು ಕನ್ನಡಕ ಮಡಚಿಟ್ಟುಕೊಂಡು ಹೊರಟರು. ಎಲ್ಲವನ್ನೂ ತಪ್ಪಿಲ್ಲದೆ ತುಂಬಿದ್ದರು. ಊರಿನ ಅರ್ಧ ಮಕ್ಕಳಿಗೆ ಬೀಜಗಣಿತ ಕಲಿಸಿದವರಿಗೆ ಆರು ಅಂಕಿ ಒತ್ತಲು ಬರುವುದಿಲ್ಲವೆಂದು ತೀರ್ಮಾನಿಸಿದವರು ಯಾರು?

ಓಟಿಪಿ ಮೂಲಕ ಬ್ಯಾಂಕ್ ಕೇಳುವುದು ಒಂದೇ ಪ್ರಶ್ನೆ: ಖಾತೆಯ ಯಜಮಾನರು ನೀವೇನಾ? ನಂಬರ್ ನಿಮ್ಮದಾಗಿದ್ದರೆ ಆ ಪ್ರಶ್ನೆ ಅಪ್ಪನನ್ನು ಮುಟ್ಟುವುದೇ ಇಲ್ಲ. ಖಾತೆಯಿಂದ ಹಣ ಹೋದಾಗ ಬರುವ ಮೆಸೇಜೂ ನಿಮಗೇ ಬರುತ್ತದೆ. ನೀವು ಮೀಟಿಂಗ್‌ನಲ್ಲಿರುತ್ತೀರಿ, ನೋಡುವುದು ಸಂಜೆಗೆ. ಮೋಸವಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು ಎನ್ನುತ್ತೇವಲ್ಲ, ಆ ತಕ್ಷಣ ಅಷ್ಟರಲ್ಲಿ ಕಳೆದೇ ಹೋಗಿರುತ್ತದೆ.

ಇದಕ್ಕಿಂತ ನನ್ನನ್ನು ಕಾಡುವುದು ಅಭ್ಯಾಸ. ಪ್ರತಿ ಸಲ ನೀವು ಫೋನಿನಲ್ಲಿ ಅಂಕಿ ಓದಿ ಹೇಳುತ್ತೀರಿ, ಅಮ್ಮ ಒತ್ತುತ್ತಾರೆ. ಓಟಿಪಿ ಎಂದರೆ ಫೋನಿನಲ್ಲಿ ಹೇಳಿ ಕೇಳಿ ಮಾಡುವ ವಿಷಯ ಎಂದು ಅವರಿಗೆ ಪಾಠವಾಗುವುದು ಹಾಗೆ. ನಾಳೆ ‘ಬ್ಯಾಂಕಿನಿಂದ ಮಾತಾಡ್ತಿದ್ದೀವಿ, ನಂಬರ್ ಹೇಳಿ’ ಎಂದು ಯಾರೋ ಕೇಳಿದರೆ ಅವರಿಗೆ ಅನುಮಾನ ಎಲ್ಲಿಂದ ಬರಬೇಕು? ಯಾರಿಗೂ ಹೇಳಬೇಡಿ ಎಂದು ನಾನು ತರಗತಿಯಲ್ಲಿ ಹೇಳಿದರೆ, ‘ಮಗನಿಗೂ ಹೇಳಬಾರದಾ?’ ಎಂದು ಕೇಳುತ್ತಾರೆ. ಹೌದು, ಮಗನಿಗೂ.

ಮರೆವಿನ ಕಾಯಿಲೆ ಶುರುವಾಗಿರುವ ಮನೆಗಳ ವಿಷಯ ಬೇರೆ. ಅಲ್ಲಿ ವೈದ್ಯರನ್ನೂ ಬ್ಯಾಂಕಿನವರನ್ನೂ ಕೇಳಿಯೇ ಮುಂದುವರಿಯಬೇಕು. ಜಂಟಿ ಖಾತೆ ಸರಿಹೋಗಬಹುದು, ಹೋಗದೆಯೂ ಇರಬಹುದು.

ಉಳಿದವರು ಮುಂದಿನ ಸಲ ಊರಿಗೆ ಬಂದಾಗ ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ಅಪ್ಪನ ಹೆಸರಿನಲ್ಲೇ ಸಿಮ್ ಇದೆಯೇ ನೋಡಿ. ಆಧಾರ್ ಕೇಂದ್ರಕ್ಕೂ ಬ್ಯಾಂಕ್ ಶಾಖೆಗೂ ಕರೆದುಕೊಂಡು ಹೋಗಿ ಆ ನಂಬರನ್ನೇ ಸೇರಿಸಿ. ಕ್ರಮ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತದೆ, ಶಾಖೆಯಲ್ಲೇ ವಿಚಾರಿಸಿ. ಇಮೇಲ್ ಕೂಡ ಅವರದೇ ಇರಲಿ, ಪಾಸ್‌ವರ್ಡ್ ಅವರೇ ಒತ್ತಲಿ. ಮೆಸೇಜಿನ ಅಕ್ಷರ ದೊಡ್ಡದು ಮಾಡಿಕೊಡಿ. ಆಮೇಲೆ ನೀವು ಪಕ್ಕದ ಕೋಣೆಯಲ್ಲಿ ಕೂತಿರಿ. ಒಂದು ಓಟಿಪಿ ತರಿಸಿಕೊಂಡು ಅವರೊಬ್ಬರೇ ಒತ್ತಿ ನೋಡಲಿ. ಮೊದಲ ಸಲ ಸಮಯ ಮೀರಿಹೋಗಬಹುದು. ಮತ್ತೆ ಕಳುಹಿಸು ಎಂಬ ಗುಂಡಿ ಅಲ್ಲೇ ಇರುತ್ತದೆ.